ಹಕ್ಕಿ ಕಾಯುವ ಅಟ್ಟಣಿಗೆಯ ಮೇಲೆ ಕಲಿತ ಇಂಗ್ಲಿಷು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನದ ಗೋಷ್ಠಿಯಲ್ಲಿ ಹಳೆಯ ವಿದ್ಯಾರ್ಥಿ, ನಿವೃತ್ತ ಇಂಗ್ಲಿಷ್ ಶಿಕ್ಷಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಸಾಹಿತ್ಯದ ಓದು ಇಂಗ್ಲಿಷ್ ಕಲಿಯುವ ಮಕ್ಕಳಿಗೆ ಹೇಗೆ ನೆರವಾಗುತ್ತದೆ ಎಂಬ ವಿಷಯ ಕೊಟ್ಟಿದ್ದೀರಿ. ನಾನು ಪಂಡಿತನಲ್ಲ. ಈ ಶಾಲೆಯ ಮೊದಲ ತಂಡದ ವಿದ್ಯಾರ್ಥಿ. ಆಮೇಲೆ ಗಂಗಾವತಿ, ಕುಷ್ಟಗಿ, ಕೊಪ್ಪಳ ತಾಲೂಕುಗಳ ಸರಕಾರಿ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಇಂಗ್ಲಿಷ್ ಕಲಿಸಿದವನು. ಇಷ್ಟಾದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ನನ್ನ ಪರಿಚಯ ಮಾಡಿಕೊಟ್ಟ ಮೇಡಂ ಅವರು ದೊಡ್ಡ ಮನಸ್ಸು ಮಾಡಿ ಅದನ್ನು ಬಿಟ್ಟರು. ನಾನು ಎಸ್‌ಎಸ್‌ಎಲ್‌ಸಿಯಲ್ಲಿ ಇಂಗ್ಲಿಷಿನಲ್ಲಿ ಎರಡು ಸಲ ಫೇಲಾದವನು. ಮೊದಲ ಸಲ ನೂರಕ್ಕೆ ಇಪ್ಪತ್ತೆರಡು, ಅಕ್ಟೋಬರ್ ಪರೀಕ್ಷೆಯಲ್ಲಿ ಇಪ್ಪತ್ತೇಳು.

ಮಕ್ಕಳು ನಗುತ್ತಿದ್ದೀರಿ. ನಗಿರಿ. ಆದರೆ ಆವತ್ತು ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ. ನಮ್ಮ ಅಪ್ಪ ಒಂದೇ ಮಾತು ಅಂದರು: "ಸಾಲಿ ಸಾಕು ಬಿಡು. ಹೊಲದಾಗ ಕೆಲಸ ಬೇಕಾದಷ್ಟು ಐತಿ."

ಆಗ ನಮ್ಮ ಯಲಬುರ್ಗಾ ತಾಲೂಕು ರಾಯಚೂರು ಜಿಲ್ಲೆಯಲ್ಲಿತ್ತು. ಕೊಪ್ಪಳ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ನಾವು ಇಂಗ್ಲಿಷ್ ಅಕ್ಷರ ಮುಟ್ಟಿದ್ದೇ ಐದನೆಯ ತರಗತಿಯಲ್ಲಿ. ಈಗಿನ ಹಾಗೆ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ವಿಷಯ ಬಂದದ್ದು 2007-08ರಿಂದ ಈಚೆಗೆ. ಮನೆಯಲ್ಲಿ ಇಂಗ್ಲಿಷಿನ ಅಕ್ಷರ ಇದ್ದದ್ದು ಬೆಂಕಿಪೊಟ್ಟಣದ ಮೇಲೆ ಮತ್ತು ಗೊಬ್ಬರದ ಚೀಲದ ಮೇಲೆ, ಅಷ್ಟೇ. ಪಾಠದ ಪ್ರಶ್ನೋತ್ತರಗಳನ್ನು ಗಿಳಿಯ ಹಾಗೆ ಉರು ಹೊಡೆಯುತ್ತಿದ್ದೆವು. ಪರೀಕ್ಷೆಯಲ್ಲಿ ಮೊದಲ ಶಬ್ದ ನೆನಪಿಗೆ ಬಂದರೆ ಉಳಿದದ್ದೆಲ್ಲ ಬರುತ್ತಿತ್ತು. ಮೊದಲ ಶಬ್ದ ಮರೆತರೆ ಇಡೀ ಉತ್ತರವೇ ಹೋಯಿತು.

ಅಕ್ಟೋಬರ್ ಪರೀಕ್ಷೆಯ ಫಲಿತಾಂಶ ಬಂದ ಮೇಲೆ ಮುಖ ತೋರಿಸಲಾರದೆ ಹೊಲದಲ್ಲೇ ಇರತೊಡಗಿದೆ. ಹಿಂಗಾರಿ ಜೋಳ ತೆನೆ ಬಿಟ್ಟಿತ್ತು. ಎರೆ ಹೊಲದ ನಡುವೆ ನಾಲ್ಕು ಕಂಬದ ಮೇಲೆ ಅಟ್ಟಣಿಗೆ ಕಟ್ಟಿ, ಕವಣಿ ಹಿಡಿದು, ಬೆಳಗಿನಿಂದ ಸಂಜೆತನಕ ಹಕ್ಕಿ ಕಾಯುವ ಕೆಲಸ ನನ್ನದು. ಒಂದು ದಿನ ನಮ್ಮ ಇಂಗ್ಲಿಷ್ ಮಾಸ್ತರರು ಸೈಕಲ್ ತಳ್ಳಿಕೊಂಡು ಬದುವಿನ ಮೇಲೆ ನಡೆದು ಬಂದರು. ಅವರು ಇವತ್ತು ನಮ್ಮ ಭಾಗ್ಯದಿಂದ ಈ ವೇದಿಕೆಯ ಮೇಲೆಯೇ ಇದ್ದಾರೆ. ಬೈಯುತ್ತಾರೆ ಅಂದುಕೊಂಡು ಅಟ್ಟಣಿಗೆಯಿಂದ ಇಳಿಯಲಿಲ್ಲ. ಅವರು ಕೆಳಗಿನಿಂದಲೇ ಒಂದು ತೆಳ್ಳನೆಯ ಪುಸ್ತಕ ಮೇಲಕ್ಕೆ ಚಾಚಿ ಹೇಳಿದರು: "ತಮ್ಮಾ, ಇದು ಪರೀಕ್ಷಾಕ್ಕ ಅಲ್ಲ. ಸುಮ್ಮನ ಓದು. ತಿಳೀದಿದ್ರ ಮುಂದಕ್ಕ ಹೋಗು. ಡಿಕ್ಷನರಿ ನೋಡಬ್ಯಾಡ."

ಅದು ಮಕ್ಕಳಿಗಾಗಿ ಸಂಗ್ರಹಿಸಿದ 'ರಾಬಿನ್‌ಸನ್ ಕ್ರೂಸೋ'. ಡೇನಿಯಲ್ ಡಿಫೋ ಎಂಬ ಲೇಖಕ 1719ರಲ್ಲಿ ಬರೆದ ಕಾದಂಬರಿ. ಹಡಗು ಒಡೆದು, ಜನರಿಲ್ಲದ ದ್ವೀಪದಲ್ಲಿ ಒಬ್ಬಂಟಿಯಾಗಿ ಸಿಕ್ಕಿಕೊಂಡವನ ಕಥೆ. ಸಮುದ್ರ ನಾನು ಕಂಡಿರಲಿಲ್ಲ. ಆದರೆ ಒಬ್ಬಂಟಿತನ ಗೊತ್ತಿತ್ತು. ಸುತ್ತಲೂ ಜೋಳದ ಹೊಲ, ನಡುವೆ ಅಟ್ಟಣಿಗೆ, ಅದರ ಮೇಲೆ ಫೇಲಾದ ನಾನು. ಅವನು ದಿನಕ್ಕೊಂದು ಗೀರು ಕಂಬದ ಮೇಲೆ ಕೆತ್ತಿ ದಿನ ಎಣಿಸುತ್ತಾನೆ. ನಾನೂ ಕುಡುಗೋಲಿನಿಂದ ಅಟ್ಟಣಿಗೆಯ ಕಂಬಕ್ಕೆ ಗೀರು ಹಾಕತೊಡಗಿದೆ.

ಮೊದಲ ಪುಟದಲ್ಲಿ ನನಗೆ ತಿಳಿದ ಶಬ್ದಗಳಿಗಿಂತ ತಿಳಿಯದವೇ ಹೆಚ್ಚು. ಮಾಸ್ತರರು ಹೇಳಿದ ಹಾಗೆ ಮುಂದಕ್ಕೆ ಹೋದೆ. ಕ್ರೂಸೋ ಒಂದು ದಿನ ಮರಳಿನ ಮೇಲೆ ಏನನ್ನೋ ನೋಡಿ ಹೆದರಿ ಓಡುತ್ತಾನೆ. 'ಫುಟ್‌ಪ್ರಿಂಟ್' ಎಂದಿತ್ತು. ಫುಟ್ ಅಂದರೆ ಪಾದ, ಗೊತ್ತಿತ್ತು. ಪ್ರಿಂಟ್ ಅಂದರೆ ಅಚ್ಚು. ಲಗ್ನಪತ್ರಿಕೆ ಪ್ರಿಂಟ್ ಹಾಕಿಸುವುದನ್ನು ನೋಡಿದ್ದೆ. ಪಾದದ ಅಚ್ಚು! ಹೆಜ್ಜೆ! ಜನರಿಲ್ಲದ ದ್ವೀಪದಲ್ಲಿ ಇನ್ನೊಬ್ಬ ಮನುಷ್ಯನ ಹೆಜ್ಜೆ! ಅಟ್ಟಣಿಗೆಯ ಮೇಲೆ ನನ್ನ ಮೈಮೇಲಿನ ಕೂದಲು ನೆಟ್ಟಗಾದವು. ಯಾರೂ ಹೇಳಿಕೊಡದೆ ಒಂದು ಇಂಗ್ಲಿಷ್ ಶಬ್ದ ನನಗೆ ತಾನಾಗಿ ಅರ್ಥವಾದದ್ದು ಅದೇ ಮೊದಲು. ಆ ಹೊತ್ತಿಗೆ ಗುಬ್ಬಿಗಳು ಎಷ್ಟು ತೆನೆ ತಿಂದವೋ, ಅಪ್ಪನಿಗೆ ನಾನು ಕೊನೆಯವರೆಗೂ ಹೇಳಲಿಲ್ಲ.

ಆ ಪುಸ್ತಕವನ್ನು ಸುಗ್ಗಿ ಮುಗಿಯುವಷ್ಟರಲ್ಲಿ ನಾಲ್ಕು ಸಲ ಓದಿದೆ. ನಾಲ್ಕನೆಯ ಸಲ ಓದುವಾಗ ಮೊದಲ ಸಲ ಕಲ್ಲಿನ ಹಾಗೆ ಅಡ್ಡ ಬಂದಿದ್ದ ಶಬ್ದಗಳಲ್ಲಿ ಮುಕ್ಕಾಲು ಪಾಲು ಕರಗಿಹೋಗಿದ್ದವು. ಏಪ್ರಿಲ್ ಪರೀಕ್ಷೆಯಲ್ಲಿ 'ನನ್ನ ಊರು' ಎಂದು ಪ್ರಬಂಧ ಬಂತು. ಉರು ಹೊಡೆದದ್ದು ಯಾವುದೂ ಇರಲಿಲ್ಲ. ಕ್ರೂಸೋ ತನ್ನ ದ್ವೀಪವನ್ನು ಹೇಗೆ ಹೇಳುತ್ತಾನೋ ಹಾಗೆ ನಾನು ನನ್ನ ಊರನ್ನು ಹೇಳಿದೆ. ಸಣ್ಣ ಸಣ್ಣ ವಾಕ್ಯ. ನಲವತ್ತಾರು ಅಂಕ ಬಂದವು.

ಇಲ್ಲಿಗೇ ಕಥೆ ಮುಗಿಸಿದರೆ ನೀವು ಚಪ್ಪಾಳೆ ತಟ್ಟುತ್ತೀರಿ. ಆದರೆ ಇನ್ನೊಂದು ಭಾಗ ಇದೆ. ಅದನ್ನು ಕೊನೆಗೆ ಹೇಳುತ್ತೇನೆ.

ನಾನು ಶಿಕ್ಷಕನಾಗಿ ಮೊದಲು ಹೋದದ್ದು ಗಂಗಾವತಿ ತಾಲೂಕಿಗೆ. ಕಥೆಯ ಪುಸ್ತಕದಿಂದ ಪಾಸಾದವನು ಮಕ್ಕಳಿಗೂ ಕಥೆ ಓದಿಸಿರಬೇಕು ಅಂದುಕೊಂಡಿರಿ ಅಲ್ಲವೆ? ಇಲ್ಲ. ನೌಕರಿ ಸಿಕ್ಕ ಮೇಲೆ ಅಟ್ಟಣಿಗೆ ಮರೆತೆ. ಫಲಿತಾಂಶ ಬರಬೇಕು, ಶೇಕಡಾವಾರು ಏರಬೇಕು. ಹತ್ತು ಪತ್ರ, ಹತ್ತು ಪ್ರಬಂಧ ಬೋರ್ಡಿನ ಮೇಲೆ ಬರೆದು ಉರು ಹೊಡೆಸಿದೆ. ಸುಮಾರು ಎಂಟು ವರ್ಷ ಹೀಗೇ ನಡೆಯಿತು.

ಒಂದು ವರ್ಷ ಅರ್ಧವಾರ್ಷಿಕ ಪರೀಕ್ಷೆಯಲ್ಲಿ 'ನಿನ್ನ ಊರಿನ ಜಾತ್ರೆಗೆ ಗೆಳೆಯನನ್ನು ಕರೆದು ಪತ್ರ ಬರೆ' ಎಂದು ಪ್ರಶ್ನೆ ಕೊಟ್ಟೆ. ಒಬ್ಬ ಹುಡುಗ ತುಂಬ ದುಂಡಗೆ, ಒಂದೂ ಕಾಗುಣಿತ ತಪ್ಪಿಲ್ಲದೆ ಬರೆದಿದ್ದ. ಅದರ ಅರ್ಥ ಕನ್ನಡದಲ್ಲಿ ಹೀಗೆ: 'ಪ್ರೀತಿಯ ಗೆಳೆಯಾ, ನಮ್ಮ ಊರಿನ ಜಾತ್ರೆಗೆ ಬಾ. ನಾನು ಜ್ವರದಿಂದ ಬಳಲುತ್ತಿರುವ ಕಾರಣ ಎರಡು ದಿನ ರಜೆ ಕೊಡಬೇಕಾಗಿ ವಿನಂತಿ. ನಿನ್ನ ವಿಧೇಯ ವಿದ್ಯಾರ್ಥಿ.' ಸ್ಟಾಫ್ ರೂಮಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕೆವು. ರಾತ್ರಿ ಮಲಗಿದಾಗ ನಗು ನಿಂತಿತು. ಆ ಹುಡುಗ ದಡ್ಡನಲ್ಲ. ನಾನು ಕೊಟ್ಟದ್ದನ್ನೇ ಅವನು ತಪ್ಪಿಲ್ಲದೆ ವಾಪಸ್ ಕೊಟ್ಟಿದ್ದ. ನಾನು ಅವನಿಗೆ ಇಂಗ್ಲಿಷ್ ಅಕ್ಷರಗಳನ್ನು ಕೊಟ್ಟಿದ್ದೆ, ಇಂಗ್ಲಿಷಿನಲ್ಲಿ ಹೇಳಲು ಏನನ್ನೂ ಕೊಟ್ಟಿರಲಿಲ್ಲ.

ಅದೇ ಗಂಗಾವತಿ ಸೀಮೆ ಇನ್ನೊಂದು ಪಾಠವನ್ನೂ ಕಲಿಸಿತು. ತುಂಗಭದ್ರಾ ಅಣೆಕಟ್ಟಿಗೆ 1953ರಲ್ಲಿ ನೀರು ನಿಂತು ಕಾಲುವೆ ಬಂದ ಮೇಲೆ ಆಂಧ್ರದ ಕಡೆಯ ರೈತರು ಬಂದು ಭತ್ತ ಬೆಳೆಯತೊಡಗಿದರು. ಅವರ ವಸತಿಗಳಿಗೆ ಇಂದಿಗೂ ಕ್ಯಾಂಪು ಅನ್ನುತ್ತೇವೆ. ನಾಟಿಗೆ ಹೋಗುವ ನಮ್ಮ ಹೆಣ್ಣುಮಕ್ಕಳು, ಕ್ಯಾಂಪಿನ ಹುಡುಗರ ಜೊತೆ ಆಡುವ ನಮ್ಮ ಹುಡುಗರು, ಎಲ್ಲರೂ ಎರಡು ಮೂರು ವರ್ಷದಲ್ಲಿ ತೆಲುಗು ಮಾತಾಡುತ್ತಿದ್ದರು. ಯಾರೂ ಅವರಿಗೆ ವಿಭಕ್ತಿ ಪ್ರತ್ಯಯ ಹೇಳಿಕೊಟ್ಟಿರಲಿಲ್ಲ. ಕೆಲಸ, ಆಟ, ಜಗಳ, ಹಾಡು, ಸಿನೆಮಾ ಇವೇ ಅವರ ಪಾಠ. ಮನಸ್ಸೆಲ್ಲ ವಿಷಯದ ಮೇಲೆ ಇದ್ದಾಗ ಭಾಷೆ ಹಿಂದಿನ ಬಾಗಿಲಿನಿಂದ ಒಳಗೆ ಬಂದು ಕುಳಿತಿರುತ್ತದೆ.

ಇದು ನನ್ನೊಬ್ಬನ ಮಾತಲ್ಲ. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಎಂಬ ವಿದ್ವಾಂಸರು ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಅದು ಜಗತ್ತಿನಲ್ಲೆಲ್ಲ 'ಬೆಂಗಳೂರು ಯೋಜನೆ' ಎಂದೇ ಹೆಸರಾಗಿದೆ. ವ್ಯಾಕರಣವನ್ನು ಮುಂದಿಟ್ಟುಕೊಂಡು ಕಲಿಸುವ ಬದಲು ಮಕ್ಕಳಿಗೆ ನಕಾಶೆ, ರೈಲಿನ ವೇಳಾಪಟ್ಟಿ ಇಂಥವನ್ನು ಕೊಟ್ಟು ಒಂದು ಸಮಸ್ಯೆ ಬಿಡಿಸಲು ಹೇಳುವುದು. ಅರ್ಥದ ಮೇಲೆ ಗಮನವಿದ್ದಾಗಲೇ ಭಾಷೆಯ ಕಟ್ಟು ಚೆನ್ನಾಗಿ ಕೂಡುತ್ತದೆ ಎಂಬುದು ಅವರ ನಂಬಿಕೆ. 1980ರ ಸುಮಾರಿಗೆ ಫಿಜಿ ದ್ವೀಪದ ಹಳ್ಳಿಶಾಲೆಗಳಲ್ಲಿ ಎಲ್ಲಿ ಮತ್ತು ಮಂಗುಭಾಯಿ ಎಂಬ ಇಬ್ಬರು ಇನ್ನೊಂದು ಪ್ರಯೋಗ ಮಾಡಿದರು. ಅಲ್ಲಿಯ ಮಕ್ಕಳಿಗೂ ನಮ್ಮ ಮಕ್ಕಳ ಹಾಗೆ ಇಂಗ್ಲಿಷ್ ಮನೆಯ ಮಾತಲ್ಲ. ತರಗತಿಗೆ ಸುಮಾರು 250 ಚಿತ್ರಗಳಿರುವ ಕಥೆಯ ಪುಸ್ತಕಗಳನ್ನು ತಂದು ಸುರಿದರು. ಕಥೆ ಓದಿದ ಮಕ್ಕಳು, ಬರೀ ಪಾಠಪುಸ್ತಕದಿಂದ ಕಲಿತ ಮಕ್ಕಳಿಗಿಂತ ಓದಿನಲ್ಲಿ ಬಹಳ ಮುಂದೆ ಹೋದರು. ಎರಡನೆಯ ವರ್ಷ ಬರವಣಿಗೆಯಲ್ಲೂ ವ್ಯಾಕರಣದಲ್ಲೂ ಅದರ ಲಾಭ ಕಂಡಿತು. ಈ ಎರಡನ್ನೂ ನಾನು ತಿಳಿದದ್ದು ಬಹಳ ತಡವಾಗಿ, ತರಬೇತಿಯೊಂದರಲ್ಲಿ. ಕೇಳಿದಾಗ ನನಗೆ ನೆನಪಾದದ್ದು ಅಟ್ಟಣಿಗೆ.

ಅಷ್ಟರಲ್ಲಿ ನನಗೆ ಕುಷ್ಟಗಿ ತಾಲೂಕಿಗೆ ವರ್ಗವಾಗಿತ್ತು. ಅಲ್ಲಿ ನನ್ನ ತರಗತಿಯಲ್ಲಿ ತಾಂಡಾದ ಮಕ್ಕಳು ಬಹಳ. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ. ಸರಕಾರದ ಲೆಕ್ಕದಲ್ಲಿ ಇಂಗ್ಲಿಷ್ ಎರಡನೆಯ ಭಾಷೆ; ಆ ಮಕ್ಕಳಿಗೆ ಮೂರನೆಯದು. ಮೇಲಾಗಿ ದೀಪಾವಳಿ ಮುಗಿದರೆ ಎಷ್ಟೋ ಮನೆಗಳು ಗುಳೆ ಹೋಗುತ್ತಿದ್ದವು. ಮಳೆಗಾಲಕ್ಕೆ ತಿರುಗಿ ಬಂದ ಮಗುವಿಗೆ ಪಾಠ ಎಲ್ಲಿ ನಿಂತಿತ್ತು ಎಂಬುದೇ ಗೊತ್ತಿರುತ್ತಿರಲಿಲ್ಲ. ಅಲ್ಲಿ ನಾನು ದಿನಕ್ಕೆ ಹತ್ತು ನಿಮಿಷ ಕಥೆ ಶುರು ಮಾಡಿದೆ. ಹೇಗೆ ಮಾಡಿದೆ ಎಂದು ಶಿಕ್ಷಕ ಮಿತ್ರರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಮಕ್ಕಳಿಗೆ ಗೊತ್ತಿರುವ ಕಥೆಯನ್ನೇ ಆರಿಸಿದೆ. ಪುಣ್ಯಕೋಟಿಯ ಕಥೆ, ನರಿಯ ಕಥೆ, ತೆನಾಲಿರಾಮನ ಕಥೆ. ಕಥೆ ಗೊತ್ತಿದ್ದರೆ ಅರ್ಥದ ಹೊರೆ ಅರ್ಧ ಇಳಿಯುತ್ತದೆ. ಹುಲಿ ಮುಂದೆ ಏನು ಕೇಳುತ್ತದೆ ಎಂದು ಗೊತ್ತಿರುವ ಮಗು, ಇಂಗ್ಲಿಷಿನಲ್ಲಿ ಹೇಗೆ ಕೇಳುತ್ತದೆ ಎಂಬುದರ ಮೇಲೆ ಕಿವಿ ಇಡುತ್ತದೆ. ಎರಡನೆಯದು, ನಾನೇ ಗಟ್ಟಿಯಾಗಿ ಓದುತ್ತಿದ್ದೆ. ಏಕೆಂದರೆ ಅಟ್ಟಣಿಗೆಯ ಮೇಲೆ ಒಬ್ಬನೇ ಓದಿದ ನಾನು 'ಐಲ್ಯಾಂಡ್' ಎಂಬುದನ್ನು ಇಡೀ ಸುಗ್ಗಿ 'ಇಸ್‌ಲ್ಯಾಂಡ್' ಎಂದೇ ಓದಿದ್ದೆ. ಪುಸ್ತಕ ಎಲ್ಲವನ್ನೂ ಕಲಿಸುತ್ತದೆ, ಉಚ್ಚಾರವನ್ನು ಮಾತ್ರ ಕಲಿಸುವುದಿಲ್ಲ. ಮೂರನೆಯದು, ಪ್ರತಿ ಶಬ್ದಕ್ಕೂ ನಿಲ್ಲುತ್ತಿರಲಿಲ್ಲ. ನಾಲ್ಕನೆಯದು, ಕಥೆಯ ಗಂಟು ಬಿಗಿಯುವ ಜಾಗದಲ್ಲಿ ಪುಸ್ತಕ ಮುಚ್ಚಿ, 'ಮುಂದೇನಾಗುತ್ತದೆ?' ಎಂದು ಕೇಳುತ್ತಿದ್ದೆ. ಕನ್ನಡದಲ್ಲಿ ಹೇಳಿದರೂ ಸರಿ, ಅರ್ಧ ಕನ್ನಡ ಅರ್ಧ ಇಂಗ್ಲಿಷ್ ಆದರೂ ಸರಿ.

ಆಗ ಒಂದು ವಿಸ್ಮಯ ಕಂಡೆ. 'ಎ' ಎಲ್ಲಿ ಬರೆಯಬೇಕು, 'ದಿ' ಎಲ್ಲಿ ಬರೆಯಬೇಕು ಎಂದು ನಾನು ವರ್ಷಗಟ್ಟಲೆ ನಿಯಮ ಬರೆಸಿ ಸೋತಿದ್ದೆ. ಕಥೆ ಅದನ್ನು ಒಂದು ವಾರದಲ್ಲಿ ಮಾಡಿತು. ನಮ್ಮ ಅಜ್ಜಿಯಂದಿರು ಕಥೆ ಹೇಗೆ ಶುರು ಮಾಡುತ್ತಾರೆ? 'ಒಂದೂರಾಗ ಒಬ್ಬ ರಾಜ ಇದ್ದ. ಆ ರಾಜಗ ಮೂರು ಮಂದಿ ಮಕ್ಕಳು.' ಮೊದಲ ಸಲ ಹೇಳುವಾಗ 'ಒಬ್ಬ ರಾಜ', ಎರಡನೆಯ ಸಲ 'ಆ ರಾಜ'. ಇಂಗ್ಲಿಷಿನಲ್ಲೂ ಅಷ್ಟೇ: ಮೊದಲು 'ಎ ಕಿಂಗ್', ಆಮೇಲೆ 'ದಿ ಕಿಂಗ್'. ಈ ಮಾತು ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, "ಸರ್, ಹಂಗಂದ್ರ ನಮ್ಮ ಆಯಿ ಸುದ್ದಾ ಇಂಗ್ಲಿಷ್ ಗ್ರಾಮರ್ ಹೇಳ್ತಾಳಲ್ರೀ" ಅಂದ. ಹೌದು, ಹೇಳುತ್ತಾಳೆ. ಎಲ್ಲ ಕಡೆ ಈ ಹೋಲಿಕೆ ನಡೆಯುವುದಿಲ್ಲ, ಆದರೆ ಬಾಗಿಲು ತೆಗೆಯಲು ಇದು ಸಾಕು.

ಹಾಗೆಯೇ ಭೂತಕಾಲ. 'ಗೋ' ಎಂಬುದು 'ವೆಂಟ್' ಯಾಕಾಗುತ್ತದೆ, 'ಈಟ್' ಎಂಬುದು 'ಏಟ್' ಯಾಕಾಗುತ್ತದೆ ಎಂಬುದಕ್ಕೆ ಮಗುವಿಗೆ ಹೇಳಬಹುದಾದ ಕಾರಣವಿಲ್ಲ. ಪಟ್ಟಿ ಉರು ಹೊಡೆದರೆ ಮರೆಯುತ್ತದೆ. ಕಥೆಯೆಲ್ಲ ಆಗಿಹೋದದ್ದರ ಬಗ್ಗೆಯೇ ಇರುವುದರಿಂದ ಒಂದು ಸಣ್ಣ ಪುಸ್ತಕದಲ್ಲಿ 'ವೆಂಟ್' ಮತ್ತೆ ಮತ್ತೆ ಎದುರಾಗುತ್ತದೆ. ದಿನಾ ಬಸ್ ಸ್ಟ್ಯಾಂಡಿನಲ್ಲಿ ಕಾಣುವ ಮುಖ ಹೆಸರು ಕೇಳದೆಯೇ ಪರಿಚಯವಾಗುವ ಹಾಗೆ. ಇನ್ನು ವಾಕ್ಯದ ಕಟ್ಟು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ: 'ನಾನು ಹಣ್ಣು ತಿಂದೆ.' ಇಂಗ್ಲಿಷಿನಲ್ಲಿ ತಿಂದದ್ದು ಮೊದಲು, ಹಣ್ಣು ಆಮೇಲೆ. ಇದನ್ನು ನಿಯಮವಾಗಿ ಬರೆಯುವುದು ಸುಲಭ. ಆದರೆ ಕಿವಿಗೆ ಆ ನಡಿಗೆ ರೂಢಿಯಾಗಬೇಕಾದರೆ ನೂರಾರು ವಾಕ್ಯ ಕೇಳಬೇಕು, ಓದಬೇಕು. ಪಾಠಪುಸ್ತಕದ ಏಳೆಂಟು ಗದ್ಯಪಾಠದಲ್ಲಿ ಅಷ್ಟು ವಾಕ್ಯ ಎಲ್ಲಿ ಸಿಗುತ್ತವೆ?

ಮುಂದೆ ಕೊಪ್ಪಳ ತಾಲೂಕಿನ ಶಾಲೆಗೆ ಬಂದಾಗ ಹತ್ತನೆಯ ತರಗತಿಯ ಇಂಗ್ಲಿಷ್ ಪುಸ್ತಕದಲ್ಲಿ ಆರ್. ಕೆ. ನಾರಾಯಣ್ ಅವರ 'ಎ ಹೀರೋ' ಪಾಠವಿತ್ತು. ನಾರಾಯಣ್ ಮೈಸೂರಿನಲ್ಲಿ ಓದಿದವರು. ಮಕ್ಕಳೇ, ಇದನ್ನು ಗಮನವಿಟ್ಟು ಕೇಳಿ: ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಅವರೂ ಇಂಗ್ಲಿಷಿನಲ್ಲಿ ಫೇಲಾಗಿದ್ದರು. ಆಮೇಲೆ 1935ರಲ್ಲಿ 'ಸ್ವಾಮಿ ಆ್ಯಂಡ್ ಫ್ರೆಂಡ್ಸ್' ಪ್ರಕಟಿಸಿ ಜಗತ್ತಿಗೇ ಇಂಗ್ಲಿಷಿನಲ್ಲಿ ಕಥೆ ಹೇಳಿದರು. ಅದೇ ಸ್ವಾಮಿಯನ್ನು ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿ 'ಮಾಲ್ಗುಡಿ ಡೇಸ್' ಆಗಿ ದೂರದರ್ಶನಕ್ಕೆ ತಂದಾಗ, ಊರಿಗೆ ಒಂದೇ ಟಿವಿ ಇದ್ದ ಕಾಲದಲ್ಲಿ ನಾವೆಲ್ಲ ಗುಂಪುಗೂಡಿ ನೋಡಿದ್ದೇವೆ.

ಆ ಪಾಠದಲ್ಲಿ ಸ್ವಾಮಿಗೆ ಅಜ್ಜಿಯ ಪಕ್ಕ ಮಲಗುವುದು ರೂಢಿ. ಅಪ್ಪ ಅವನ ಧೈರ್ಯ ಪರೀಕ್ಷೆ ಮಾಡಲು ಆಫೀಸ್ ಕೋಣೆಯಲ್ಲಿ ಒಬ್ಬನೇ ಮಲಗು ಅನ್ನುತ್ತಾರೆ. ಓದುತ್ತಿದ್ದಾಗ ತರಗತಿ ಗಪ್ ಚುಪ್. ಯಾವಾಗಲೂ ತಲೆ ತಗ್ಗಿಸಿ ಕೂರುತ್ತಿದ್ದ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ಸರ್, ವೈ ಫಾದರ್ ನಾಟ್ ಸ್ಲೀಪ್ ಇನ್ ಆಫೀಸ್ ರೂಮ್?"

ಅಪ್ಪನೇ ಯಾಕೆ ಅಲ್ಲಿ ಮಲಗಲಿಲ್ಲ? ಎಂಥ ಪ್ರಶ್ನೆ! ಗೈಡಿನಲ್ಲಿ ಇರಲಿಲ್ಲ, ನನ್ನ ತಲೆಗೂ ಹೊಳೆದಿರಲಿಲ್ಲ. ಹಳೆಯ ಮಾಸ್ತರನಾಗಿದ್ದರೆ 'ಡಿಡ್ ಎಲ್ಲಿ?' ಎಂದು ಅವಳನ್ನು ಕೂರಿಸುತ್ತಿದ್ದೆ. ಹಾಗೆ ಮಾಡಲಿಲ್ಲ. "ಯೆಸ್! ವೈ ಡಿಡ್ ಹಿಸ್ ಫಾದರ್ ನಾಟ್ ಸ್ಲೀಪ್ ದೇರ್?" ಎಂದು ಅವಳ ಪ್ರಶ್ನೆಯನ್ನೇ ಸರಿಯಾದ ರೂಪದಲ್ಲಿ ಇಡೀ ತರಗತಿಗೆ ತಿರುಗಿಸಿದೆ. ಆ ದಿನ ಅರ್ಧ ಗಂಟೆ ಚರ್ಚೆಯಾಯಿತು. 'ಫಾದರ್ ಆಲ್ಸೋ ಫಿಯರ್' ಅಂದ ಒಬ್ಬ. 'ದೊಡ್ಡೋರು ಹೇಳ್ತಾರ, ಮಾಡೂದಿಲ್ಲ' ಅಂದಳು ಇನ್ನೊಬ್ಬಳು. ವಾರ ಕಳೆಯುವುದರೊಳಗೆ ಆ ಹುಡುಗಿ ತಾನಾಗಿಯೇ 'ಡಿಡ್' ಹಾಕಿ ಪ್ರಶ್ನೆ ಕೇಳಿದಳು. ಸಾಹಿತ್ಯ ಮಾಡುವ ದೊಡ್ಡ ಉಪಕಾರ ಇದೇ. ಅದು ಮಗುವಿಗೆ ಕೇಳಬೇಕು ಅನ್ನಿಸುವಂಥದ್ದನ್ನು ಕೊಡುತ್ತದೆ. ಕೇಳಬೇಕು ಅನ್ನಿಸಿದಾಗ ಭಾಷೆ ಬೇಕಾಗುತ್ತದೆ. ಬೇಕಾದದ್ದು ಬರುತ್ತದೆ.

ಎ. ಕೆ. ರಾಮಾನುಜನ್ ಮೈಸೂರಿನವರು. ಬೆಳಗಾವಿಯಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದರು, ಆಮೇಲೆ ಅಮೆರಿಕಕ್ಕೆ ಹೋದರು. ನಮ್ಮ ವಚನಗಳನ್ನು 1973ರಲ್ಲಿ 'ಸ್ಪೀಕಿಂಗ್ ಆಫ್ ಶಿವ' ಎಂದು ಇಂಗ್ಲಿಷಿಗೆ ಕೊಟ್ಟವರು. ನಮ್ಮ ಹೆಣ್ಣುಮಕ್ಕಳು ಹೇಳಿದ ಜನಪದ ಕಥೆಗಳನ್ನು ಸಂಗ್ರಹಿಸಿ ಇಂಗ್ಲಿಷಿಗೆ ತಂದರು. ಅದರಲ್ಲಿ ಒಂದು ಕಥೆ ನನಗೆ ಬಹಳ ಇಷ್ಟ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಗೊತ್ತಿದ್ದವು. ಆದರೆ ಅವಳು ಯಾರಿಗೂ ಹೇಳುತ್ತಿರಲಿಲ್ಲ. ಒಳಗೇ ಇದ್ದು ಇದ್ದು ಉಸಿರುಗಟ್ಟಿ, ಅವಳು ಬಾಯಿ ತೆರೆದು ಮಲಗಿದ್ದಾಗ ಕಥೆ ಹೊರಗೆ ಬಿದ್ದು ಜೋಡು ಆಯಿತು, ಹಾಡು ಹೊರಗೆ ಬಿದ್ದು ಅಂಗಿ ಆಯಿತು. ಬಾಗಿಲಲ್ಲಿ ಪರರ ಜೋಡು, ಗೂಟಕ್ಕೆ ಪರರ ಅಂಗಿ ಕಂಡ ಗಂಡನಿಗೆ ಸಂಶಯ ಬಂದು ಮನೆಯಲ್ಲಿ ಜಗಳವೋ ಜಗಳ. ಹತ್ತು ವರ್ಷ ಇಂಗ್ಲಿಷ್ ಓದಿ ಒಂದು ಮಾತೂ ಆಡದ ನಮ್ಮ ಮಕ್ಕಳನ್ನು ಕಂಡಾಗಲೆಲ್ಲ ಈ ಕಥೆ ನೆನಪಾಗುತ್ತದೆ. ಒಳಗಿರುವುದು ಹೊರಗೆ ಬರಬೇಕು. ಓದಿದ ಕಥೆಯನ್ನು ಇನ್ನೊಬ್ಬರಿಗೆ ಹೇಳಬೇಕು. ಹೇಳದಿದ್ದರೆ ಓದೂ ಉಸಿರುಗಟ್ಟುತ್ತದೆ.

ಇಂಗ್ಲಿಷ್ ಕಲಿತರೆ ಕನ್ನಡ ಹೋಗುತ್ತದೆ ಎಂದು ಕೆಲವರು, ಕನ್ನಡದಲ್ಲಿ ಕಲಿತರೆ ಇಂಗ್ಲಿಷ್ ಬರುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪ್ರಾಧ್ಯಾಪಕರು. 1926ರ 'ಇಂಗ್ಲಿಷ್ ಗೀತಗಳು' ಮೂಲಕ ಕನ್ನಡ ಕಾವ್ಯಕ್ಕೆ ಹೊಸ ದಾರಿ ಮಾಡಿಕೊಟ್ಟರು. ವಿ. ಕೃ. ಗೋಕಾಕರು ಹೈದರಾಬಾದಿನ ಇಂಗ್ಲಿಷ್ ಕೇಂದ್ರ ಸಂಸ್ಥೆಯ ನಿರ್ದೇಶಕರಾಗಿದ್ದವರು. ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕು ಎಂಬ ವರದಿ ಕೊಟ್ಟವರೂ ಅವರೇ. ನಮ್ಮ ಪಕ್ಕದ ದ್ಯಾಂಪುರದಲ್ಲಿ ಹುಟ್ಟಿದ ಸಿದ್ದಯ್ಯ ಪುರಾಣಿಕರು ನಿಜಾಮರ ಕಾಲದಲ್ಲಿ ಉರ್ದುವಿನ ನಡುವೆ ಓದಿ ಬೆಳೆದರು, ಕನ್ನಡದ 'ಕಾವ್ಯಾನಂದ'ರಾದರು. ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಎರಡು ಸಾವಿರ ವರ್ಷಕ್ಕೂ ಹಿಂದೆ ಅಶೋಕ ಬರೆಸಿದ ಶಾಸನ ಇರುವುದು ಪ್ರಾಕೃತದಲ್ಲಿ. ಈ ನೆಲಕ್ಕೆ ಹೊರಗಿನ ಭಾಷೆ ಹೊಸದಲ್ಲ. ಒಂದು ಭಾಷೆಯಲ್ಲಿ ಕಥೆಯ ರುಚಿ ಹತ್ತಿದವನಿಗೆ ಇನ್ನೊಂದು ಭಾಷೆಯಲ್ಲೂ ಹತ್ತುತ್ತದೆ. ಆದ್ದರಿಂದ ಮೊದಲು ಕನ್ನಡದ ಕಥೆ ಓದಿಸಿ ಎಂದೇ ನಾನು ಹೇಳುತ್ತೇನೆ.

ಒಬ್ಬ ಪಾಲಕರು ನನ್ನನ್ನು ನೇರವಾಗಿ ಕೇಳಿದ್ದರು: "ಸರ, ಕಥಿ ಓದಿದ್ರ ಮಾರ್ಕ್ಸ್ ಬರ್ತಾವೇನ್ರಿ?" ನ್ಯಾಯವಾದ ಪ್ರಶ್ನೆ. ನನ್ನ ಉತ್ತರವೂ ನೇರವಾಗಿಯೇ ಇರಲಿ. ಬರೀ ಕಥೆಯಿಂದ ಬರುವುದಿಲ್ಲ. ಎಂಟನೆಯ ತರಗತಿಗೆ ಬಂದರೂ ಅಕ್ಷರ ಕೂಡಿಸಿ ಓದಲು ಬಾರದ ಮಗುವಿಗೆ ಮೊದಲು ಅಕ್ಷರವೇ ಬೇಕು. ವ್ಯಾಕರಣ ಬೇಕು, ಬರೆದು ತಿದ್ದಿಸಿಕೊಳ್ಳಬೇಕು. ಕಥೆ ಓದಿದ ನನ್ನ ಮಕ್ಕಳಲ್ಲೂ ಫೇಲಾದವರಿದ್ದಾರೆ. ಆದರೆ ಲೆಕ್ಕ ಹಾಕಿ. ದಿನಕ್ಕೆ ಒಂದೇ ಪುಟ ಓದಿದರೂ ಇನ್ನೂರು ಶಾಲಾ ದಿನಕ್ಕೆ ಇನ್ನೂರು ಪುಟ. ಎಂಟು, ಒಂಬತ್ತು, ಹತ್ತು ಮೂರು ವರ್ಷಕ್ಕೆ ಆರುನೂರು ಪುಟ. ಆರುನೂರು ಪುಟ ಇಂಗ್ಲಿಷ್ ಓದಿದ ಮಗು ಪರೀಕ್ಷೆಯಲ್ಲಿ ಹೊಸ ಗದ್ಯಭಾಗ ಕಂಡರೆ ಬೆವರುವುದಿಲ್ಲ. ಜಾತ್ರೆಗೆ ಕರೆಯುವ ಪತ್ರದಲ್ಲಿ ಜ್ವರದ ಸುದ್ದಿ ಬರೆಯುವುದಿಲ್ಲ.

ಈಗ ಕೊನೆಗೆ ಹೇಳುತ್ತೇನೆ ಅಂದ ಮಾತು.

ನಾನು ಫೇಲಾದ ವರ್ಷ ನನ್ನ ಜೊತೆಗೆ ಇನ್ನೊಬ್ಬನೂ ಇಂಗ್ಲಿಷ್ ಒಂದರಲ್ಲೇ ಫೇಲಾಗಿದ್ದ. ಗಣಿತದಲ್ಲಿ ನನಗಿಂತ ಜಾಣ. ಅವರ ಹೊಲ ನಮ್ಮ ಹೊಲಕ್ಕೆ ಹತ್ತಿಯೇ ಇತ್ತು, ಅವನೂ ಹಕ್ಕಿ ಕಾಯುತ್ತಿದ್ದ. ಒಂದು ದಿನ ಬಂದು ಕೇಳಿದ: "ಲೇ, ಆ ಪುಸ್ತಕ ಎಂಟು ದಿನ ಕೊಡು, ಓದಿ ಕೊಡ್ತೀನಿ." ನಾನು ಹೇಳಿದೆ: "ಮಾಸ್ತರು ಯಾರಿಗೂ ಕೊಡಬ್ಯಾಡ ಅಂದಾರ." ಸುಳ್ಳು. ಮಾಸ್ತರರು ಹಾಗೆ ಹೇಳಿರಲಿಲ್ಲ. ಓದಿ ಮುಗಿದ ಮೇಲೆ ಅವನಿಗೂ ಕೊಡು ಎಂದೇ ಹೇಳಿದ್ದರು. ನನಗೆ ಪುಸ್ತಕ ಬಿಟ್ಟುಕೊಡುವ ಮನಸ್ಸಾಗಲಿಲ್ಲ. ಏಪ್ರಿಲಿನಲ್ಲಿ ನಾನು ಪಾಸಾದೆ. ಅವನು ಪರೀಕ್ಷೆಗೆ ಕೂರಲೇ ಇಲ್ಲ. ಗೌಂಡಿ ಕೆಲಸಕ್ಕೆ ಗೋವಾಕ್ಕೆ ಹೋದ.

ಆ ಗೆಳೆಯ ಇವತ್ತು ಮೂರನೆಯ ಸಾಲಿನಲ್ಲಿ ಕುಳಿತಿದ್ದಾನೆ. ಅವನನ್ನು ಕೇಳಿಯೇ ಇದನ್ನು ಹೇಳುತ್ತಿದ್ದೇನೆ. ಈ ಶಾಲೆಯ ಹೊಸ ಎರಡು ಕೋಣೆಗಳ ಗಿಲಾವು ಅವನ ಕೈಯದು, ನೋಡಿ, ಎಲ್ಲೂ ಒಂದು ಬಿರುಕು ಇಲ್ಲ. ಮೊನ್ನೆ ಅವನ ಮನೆಗೆ ಹೋಗಿ, ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದನ್ನು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ: "ಆವತ್ತು ಕೊಟ್ಟಿದ್ರ ನಾನು ಪಾಸ್ ಆಗ್ತಿದ್ನೋ ಇಲ್ಲೋ, ಯಾರಿಗ್ ಗೊತ್ತು. ಹೋಗ್ಲಿ ಬಿಡು. ನನ್ನ ಮೊಮ್ಮಗಳು ಒಂಬತ್ತನೇತ್ತ ಅದಾಳ. ಅಕಿಗೆ ಕೊಡು."

ಆದ್ದರಿಂದ ನನ್ನ ಕೋರಿಕೆಗಳು ನಾಲ್ಕೇ. ಮುಖ್ಯೋಪಾಧ್ಯಾಯರಲ್ಲಿ: ಪುಸ್ತಕ ಕಳೆಯುತ್ತವೆ ಎಂದು ಬೀರುವಿಗೆ ಕೀಲಿ ಹಾಕಬೇಡಿ. ಕೀಲಿಯನ್ನು ಇಬ್ಬರು ಮಕ್ಕಳ ಕೈಗೆ ಕೊಡಿ. ಓದಿ ಹರಿದ ಪುಸ್ತಕ, ಬೀರುವಿನಲ್ಲಿ ಹುಳ ತಿಂದ ಪುಸ್ತಕಕ್ಕಿಂತ ಎಷ್ಟೋ ಮೇಲು. ಶಿಕ್ಷಕರಲ್ಲಿ: ದಿನಕ್ಕೆ ಹತ್ತು ನಿಮಿಷ ಗಟ್ಟಿಯಾಗಿ ಓದಿ, ಪ್ರಶ್ನೆ ಪರೀಕ್ಷೆ ಏನೂ ಬೇಡ. ತಾಯಂದಿರಲ್ಲಿ, ಹಿರಿಯರಲ್ಲಿ: ನಿಮಗೆ ಇಂಗ್ಲಿಷ್ ಬರಬೇಕಾಗಿಲ್ಲ. ರಾತ್ರಿ ರೊಟ್ಟಿ ಬಡಿಯುವಾಗ 'ಇವತ್ತು ಏನ್ ಕಥಿ ಓದಿದಿ, ನನಗ ಹೇಳು' ಎಂದು ಕೇಳಿ. ಅದನ್ನು ಕನ್ನಡದಲ್ಲಿ ಹೇಳಿದ ಮಗುವಿಗೆ ಇಂಗ್ಲಿಷ್ ಎರಡನೆಯ ಸಲ ಅರ್ಥವಾಗಿರುತ್ತದೆ.

ನಾಲ್ಕನೆಯದು ಹಳೆಯ ವಿದ್ಯಾರ್ಥಿಗಳಲ್ಲಿ. ಹಾರ ತುರಾಯಿ ಸಾಕು. ವರ್ಷಕ್ಕೊಮ್ಮೆ ಈ ಶಾಲೆಗೆ ತೆಳ್ಳನೆಯ ಕಥೆಯ ಪುಸ್ತಕ ಕೊಡಿ, ಕನ್ನಡದ್ದೂ ಇಂಗ್ಲಿಷಿನದೂ. ಆದರೆ ಒಂದೇ ಪ್ರತಿ ಕೊಡಬೇಡಿ, ಎರಡು ಕೊಡಿ. ಒಂದೇ ಇದ್ದರೆ ಏನಾಗುತ್ತದೆ ಎಂಬುದು ನನಗೆ ಗೊತ್ತು.

ನಾನು ಇವತ್ತು ಎರಡು 'ರಾಬಿನ್‌ಸನ್ ಕ್ರೂಸೋ' ತಂದಿದ್ದೇನೆ. ಒಂದು ಶಾಲೆಯ ಬೀರುವಿಗೆ. ಇನ್ನೊಂದನ್ನು ಮೂರನೆಯ ಸಾಲಿನಲ್ಲಿರುವ ನನ್ನ ಗೆಳೆಯ 'ಮೊಮ್ಮಗಳಿಗೆ' ಎಂದು ಹೇಳಿ ಇಸಕೊಳ್ಳಲಿ. ಅವಳು ಗಟ್ಟಿಯಾಗಿ ಓದಲಿ, ಅವನು ಕೇಳಲಿ. 'ಐಲ್ಯಾಂಡ್' ಬಂದಾಗ ಮಾತ್ರ ಎಚ್ಚರ.